ಎರಡು ದಿನದ ಚಿಕ್ಕಮಗಳೂರು: ಏನು ನೋಡಬೇಕು, ಏನು ಬಿಡಬೇಕು

"ಶುಕ್ರವಾರ ರಾತ್ರಿ ಹೊರಟು ಭಾನುವಾರ ರಾತ್ರಿ ವಾಪಸ್ ಬರ್ತೀವಿ. ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ, ಹೆಬ್ಬೆ ಫಾಲ್ಸ್, ಶೃಂಗೇರಿ, ಹೊರನಾಡು, ಬೇಲೂರು, ಹಳೇಬೀಡು ಎಲ್ಲಾ ಆಗುತ್ತಾ?" ಓದುಗರು ಮತ್ತೆ ಮತ್ತೆ ಕೇಳುವುದು ಇದನ್ನೇ. ಹೆಸರುಗಳು ಒಂದೆರಡು ಆಚೀಚೆ ಆಗುತ್ತವೆ, ಅಷ್ಟೇ.

ಆಗುವುದಿಲ್ಲ. ಹಟ ಹಿಡಿದು ಮಾಡಿದರೆ ಎರಡು ದಿನದಲ್ಲಿ ನೀವು ನೋಡುವುದು ಮುಂದಿನ ಗಾಡಿಯ ನಂಬರ್ ಪ್ಲೇಟನ್ನು. ಚಿಕ್ಕಮಗಳೂರು ಊರು ಚಿಕ್ಕದು, ಜಿಲ್ಲೆ ದೊಡ್ಡದು, ರಸ್ತೆಯೆಲ್ಲ ತಿರುವು. ಊರಿಂದ ಶೃಂಗೇರಿ ತೊಂಬತ್ತು ಕಿಲೋಮೀಟರ್ ಹತ್ತಿರ, ಹೊರನಾಡು ಸುಮಾರು ನೂರು. ಇವನ್ನು ಇನ್ನೊಂದು ಸಲಕ್ಕೆ ಇಟ್ಟುಕೊಳ್ಳಿ. ಎರಡು ದಿನ ಕೈಯಲ್ಲಿದ್ದರೆ ಒಂದು ದಿನ ಬೆಟ್ಟ, ಒಂದು ದಿನ ಹೊಯ್ಸಳರ ದೇವಸ್ಥಾನ. ಮುಂದೆ ಬರೆದಿರುವುದೆಲ್ಲ ಈ ಲೆಕ್ಕದ ಮೇಲೆಯೇ. ಬೆಂಗಳೂರಿನಿಂದ ಹೊರಡುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ, ಮಂಗಳೂರು ಕಡೆಯವರಿಗೆ ಬೇರೆಯಾಗುವ ಮಾತನ್ನು ಅಲ್ಲಲ್ಲೇ ಹೇಳಿದ್ದೇನೆ.

1. ಮೊದಲು ತಿಂಗಳು ನೋಡಿ, ಆಮೇಲೆ ತಾರೀಕು

ಅಕ್ಟೋಬರಿನಿಂದ ಫೆಬ್ರವರಿವರೆಗೆ ಆಕಾಶ ತಿಳಿ, ಬೆಟ್ಟದ ಸಾಲು ಪೂರ್ತಿ ಕಾಣುತ್ತದೆ. ನನ್ನನ್ನು ಕೇಳಿದರೆ ಅಕ್ಟೋಬರ್ ಕೊನೆ, ನವೆಂಬರ್ ಮೊದಲು ಸರಿಯಾದ ಹೊತ್ತು. ಮಳೆ ಹಿಂದೆ ಸರಿದಿರುತ್ತದೆ, ಹುಲ್ಲು ಇನ್ನೂ ಹಸಿರಾಗಿರುತ್ತದೆ. ಡಿಸೆಂಬರ್, ಜನವರಿಯಲ್ಲಿ ತೋಟಗಳಲ್ಲಿ ಅರೇಬಿಕಾ ಹಣ್ಣು ಕೊಯ್ಲು. ಅಂಗಳದ ಕಣದಲ್ಲಿ ಕಾಫಿ ಹರಡಿ ಒಣಗಿಸುವುದನ್ನು ನೋಡುವ ಆಸೆಯಿದ್ದರೆ ಆಗಲೇ ಹೋಗಬೇಕು. ಮಾರ್ಚ್, ಏಪ್ರಿಲಿನಲ್ಲಿ ಒಂದು ಮಳೆ ಬಿದ್ದು ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ ಹೂ ಬಿಡುತ್ತದೆ. ಅದಕ್ಕೆ ಹೂಮಳೆ ಎನ್ನುತ್ತಾರೆ. ಹೂ ನಿಲ್ಲುವುದು ಎರಡು ಮೂರು ದಿನ ಮಾತ್ರ, ಅದನ್ನು ನಂಬಿ ರೂಮ್ ಬುಕ್ ಮಾಡಲು ಬರುವುದಿಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಲ. ಮಳೆಯನ್ನೇ ನೋಡಲು ಹೋಗುವವರು ಖಂಡಿತ ಹೋಗಿ. ಆದರೆ ಬೆಟ್ಟದ ತುದಿಯ ನೋಟ ಬೇಕು ಎನ್ನುವವರಿಗೆ ಆಗ ಸಿಗುವುದು ಮಂಜು. ಎದುರಿಗೆ ನಿಂತವರ ಮುಖವೂ ಕಾಣದಷ್ಟು. ಜೋರು ಮಳೆ ಹಿಡಿದರೆ ಗುಡ್ಡ ಕುಸಿದೋ ಮರ ಬಿದ್ದೋ ರಸ್ತೆ ಮುಚ್ಚುವುದುಂಟು, ಜಿಲ್ಲಾಡಳಿತ ಪ್ರವಾಸಿಗರನ್ನು ತಡೆಯುವುದೂ ಉಂಟು.

ತಾರೀಕು ಗೊತ್ತು ಮಾಡುವಾಗ ಬಹಳ ಜನ ಮರೆಯುವ ಸಂಗತಿಯೊಂದಿದೆ. ಬಾಬಾಬುಡನ್‌ಗಿರಿಯಲ್ಲಿ ದತ್ತ ಜಯಂತಿ ಬರುವುದು ಡಿಸೆಂಬರಿನಲ್ಲಿ, ಮಾರ್ಗಶಿರ ಹುಣ್ಣಿಮೆಯ ಆಸುಪಾಸು. ಆ ದಿನಗಳಲ್ಲಿ ಗಿರಿಯ ಕಡೆ ಬಂದೋಬಸ್ತ್ ಇರುತ್ತದೆ, ಪ್ರವಾಸಿಗರನ್ನು ಮೇಲೆ ಬಿಡುವುದಿಲ್ಲ. ಅದಕ್ಕೂ ಮೊದಲು ದತ್ತಮಾಲಾ ಅಭಿಯಾನದ ಸಮಯದಲ್ಲೂ ಇದೇ ಕತೆ. ಡಿಸೆಂಬರಿನಲ್ಲಿ ಹೋಗುವವರು ಪಂಚಾಂಗ ನೋಡಿಯೇ ರೂಮ್ ಬುಕ್ ಮಾಡಿ. ರಜೆ ಹಾಕಲು ಸಾಧ್ಯವಿದ್ದರೆ ಮಂಗಳವಾರ, ಬುಧವಾರ ಹೋಗಿ. ವಾರಾಂತ್ಯಕ್ಕೂ ವಾರದ ನಡುವಿಗೂ ಇರುವ ವ್ಯತ್ಯಾಸ ಬೇರೆ ಊರಿಗೆ ಹೋದಷ್ಟು.

2. ದಿಕ್ಕು ತಿಳಿದುಕೊಳ್ಳಿ

ಊರನ್ನು ನಡುವೆ ಇಟ್ಟುಕೊಳ್ಳಿ. ಉತ್ತರಕ್ಕೆ ಚಂದ್ರದ್ರೋಣ ಪರ್ವತ. ಮುಳ್ಳಯ್ಯನಗಿರಿ, ಸೀತಾಳಯ್ಯನಗಿರಿ, ಬಾಬಾಬುಡನ್‌ಗಿರಿ, ಮಾಣಿಕ್ಯಧಾರ ಎಲ್ಲವೂ ಆ ಕಡೆಯೇ, ಎಲ್ಲಕ್ಕೂ ಹತ್ತುವ ದಾರಿ ಕೈಮರದಿಂದ. ದಕ್ಷಿಣಕ್ಕೆ ಇಳಿದರೆ ಬೇಲೂರು 25 ಕಿಲೋಮೀಟರ್, ಅಲ್ಲಿಂದ ಹಳೇಬೀಡು 16. ಬೆಳವಾಡಿ ಹಳೇಬೀಡಿಗೆ ಹತ್ತಿರ. ಪಶ್ಚಿಮಕ್ಕೆ ಆಲ್ದೂರು, ಬಾಳೆಹೊನ್ನೂರು, ಅದರಾಚೆ ಶೃಂಗೇರಿ. ನೈಋತ್ಯಕ್ಕೆ ಮೂಡಿಗೆರೆ, ಕೊಟ್ಟಿಗೆಹಾರ, ಚಾರ್ಮಾಡಿ ಘಾಟಿ.

ಕೆಮ್ಮಣ್ಣುಗುಂಡಿ ಮತ್ತು ಹೆಬ್ಬೆ ಜಲಪಾತವನ್ನು ಬಾಬಾಬುಡನ್‌ಗಿರಿಯ ಜೊತೆ ಸೇರಿಸಬಹುದು ಎಂದು ನಕ್ಷೆ ನೋಡಿದರೆ ಅನಿಸುತ್ತದೆ. ಗೆರೆ ಹತ್ತಿರವೇ ಇದೆ. ಆದರೆ ಗಿರಿಯಿಂದ ಕೆಮ್ಮಣ್ಣುಗುಂಡಿಗೆ ಹೋಗುವ ಒಳದಾರಿ ಹದಗೆಟ್ಟ ದಾರಿ, ತಗ್ಗು ಕಾರಿಗೆ ಹೇಳಿಸಿದ್ದಲ್ಲ. ಎಲ್ಲರೂ ಲಿಂಗದಹಳ್ಳಿ ಕಡೆಯಿಂದ ಸುತ್ತಿಕೊಂಡು ಹೋಗುತ್ತಾರೆ. ಹೆಬ್ಬೆಗೆ ಅಲ್ಲಿಂದ ಮತ್ತೆ ಜೀಪು, ಮತ್ತೆ ನಡಿಗೆ. ಅದೊಂದೇ ಒಂದು ಪೂರ್ತಿ ದಿನದ ಕೆಲಸ. ಮೂರನೇ ದಿನ ಇದ್ದರೆ ಮಾತ್ರ ಸೇರಿಸಿ.

3. ಉಳಿಯುವ ಜಾಗ: ಇಲ್ಲಿ ಎಡವಿದರೆ ಪ್ರವಾಸವೇ ಎಡವುತ್ತದೆ

ಬುಕಿಂಗ್ ಆ್ಯಪಿನಲ್ಲಿ 'ಚಿಕ್ಕಮಗಳೂರು ಹೋಮ್‌ಸ್ಟೇ' ಎಂದು ಹುಡುಕಿದರೆ ನೂರಾರು ಬರುತ್ತವೆ. ಅವುಗಳಲ್ಲಿ ಎಷ್ಟೋ ಇರುವುದು ಮೂಡಿಗೆರೆಯಲ್ಲಿ, ಬಾಳೂರಿನಲ್ಲಿ, ಕಳಸದ ದಾರಿಯಲ್ಲಿ. ಜಿಲ್ಲೆಯ ಹೆಸರು ಹಾಕಿದ್ದು ಸುಳ್ಳಲ್ಲ, ಆದರೆ ಅಲ್ಲಿಂದ ಮುಳ್ಳಯ್ಯನಗಿರಿಗೆ ಬರಲು ಒಂದೂವರೆ ಎರಡು ಗಂಟೆ. ಬೆಳಗ್ಗೆ ಆರಕ್ಕೆ ಕೈಮರದಲ್ಲಿ ಇರಬೇಕಾದವರು ನಾಲ್ಕಕ್ಕೆ ಎದ್ದು ಕತ್ತಲಲ್ಲಿ ತೋಟದ ರಸ್ತೆಯಲ್ಲಿ ಗಾಡಿ ಓಡಿಸಬೇಕಾಗುತ್ತದೆ. ಆ ದಾರಿಗಳಲ್ಲಿ ಕಾಡಾನೆ ಓಡಾಟ ಇದೆ. ಮೂಡಿಗೆರೆ, ಆಲ್ದೂರು ಸೀಮೆಯವರನ್ನು ಕೇಳಿ ನೋಡಿ, ಕತ್ತಲಾದ ಮೇಲೆ ಅವರೇ ಬೈಕ್ ತೆಗೆಯಲು ಯೋಚಿಸುತ್ತಾರೆ.

ದುಡ್ಡು ಕಟ್ಟುವ ಮೊದಲು ಫೋನ್ ಮಾಡಿ ಇಷ್ಟು ಕೇಳಿ:

- ಚಿಕ್ಕಮಗಳೂರು ಬಸ್ ಸ್ಟ್ಯಾಂಡಿನಿಂದ ಎಷ್ಟು ಕಿಲೋಮೀಟರ್, ಎಷ್ಟು ಹೊತ್ತು? ಎರಡನ್ನೂ ಕೇಳಿ, ಕಿಲೋಮೀಟರಿಗಿಂತ ಹೊತ್ತು ಮುಖ್ಯ.
- ಮುಖ್ಯರಸ್ತೆಯಿಂದ ಮನೆ ಬಾಗಿಲವರೆಗೆ ನಮ್ಮ ಕಾರು ಬರುತ್ತದಾ, ಇಲ್ಲಾ ಕೊನೆಯ ಒಂದೆರಡು ಕಿಲೋಮೀಟರ್ ನಿಮ್ಮ ಜೀಪಾ? ಜೀಪಿಗೆ ಬೇರೆ ದುಡ್ಡಾ?
- ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಆಗಿದೆಯಾ?
- ರೇಟಿನಲ್ಲಿ ಊಟ ಎಷ್ಟು ಹೊತ್ತಿನದು? ತಲೆಗೆ ಲೆಕ್ಕವೋ, ರೂಮಿಗೆ ಲೆಕ್ಕವೋ? ಹೋಮ್‌ಸ್ಟೇಗಳಲ್ಲಿ ಹೆಚ್ಚಾಗಿ ತಲೆಗೆ.
- ಜೋರು ಮ್ಯೂಸಿಕ್ ಹಾಕುವ ಗುಂಪುಗಳಿಗೆ ಕೊಡುತ್ತೀರಾ? ವಯಸ್ಸಾದ ಅಪ್ಪ ಅಮ್ಮನ ಜೊತೆ ಹೋಗುವವರು ಇದನ್ನು ಕೇಳಲೇಬೇಕು.

ಎರಡೇ ದಿನ, ಎರಡೂ ದಿನ ಸುತ್ತಾಟ ಎನ್ನುವವರಿಗೆ ನನ್ನ ಸಲಹೆ ಊರಿನೊಳಗಿನ ಲಾಡ್ಜ್ ಅಥವಾ ಊರಿಗೆ ಹದಿನೈದು ಕಿಲೋಮೀಟರ್ ಒಳಗಿನ ಹೋಮ್‌ಸ್ಟೇ. ತೋಟದ ನಡುವಿನ ಮನೆಗೆ ದುಡ್ಡು ಕೊಟ್ಟು, ಬೆಳಗ್ಗೆ ಐದಕ್ಕೆ ಬಿಟ್ಟು ರಾತ್ರಿ ಒಂಬತ್ತಕ್ಕೆ ಬಂದು ಮಲಗುವುದರಲ್ಲಿ ಏನು ಸುಖ? ತೋಟದ ಮನೆಯೇ ಬೇಕು ಎಂದರೆ ಸುತ್ತಾಟ ಬಿಡಿ. ಎರಡು ದಿನ ಅಲ್ಲೇ ಇದ್ದು ಅಕ್ಕಿರೊಟ್ಟಿ, ಕಡುಬು ತಿಂದು, ಸಂಜೆ ತೋಟದಲ್ಲಿ ನಡೆದಾಡಿ ಬನ್ನಿ. ಅದೂ ಒಳ್ಳೆಯ ಪ್ರವಾಸವೇ, ಆದರೆ ಅದಕ್ಕೆ ಈ ಲೇಖನ ಬೇಕಾಗಿಲ್ಲ.

4. ಮನೆಯಲ್ಲೇ ಮುಗಿಸಬೇಕಾದ ಎರಡು ಕೆಲಸ

ಮೊದಲನೆಯದು ವಾಹನ ನೋಂದಣಿ. ಗಿರಿಯ ರಸ್ತೆಯಲ್ಲಿ ವಾರಾಂತ್ಯಕ್ಕೆ ಗಾಡಿಗಳು ತುಂಬಿ ನಿಂತುಬಿಡುತ್ತಿದ್ದರಿಂದ ಜಿಲ್ಲಾಡಳಿತ 2025ರಲ್ಲಿ ಆನ್‌ಲೈನ್ ಸ್ಲಾಟ್ ಪದ್ಧತಿ ತಂದಿತು. ಸ್ಲಾಟ್ ಎಂದರೆ ನಿಮ್ಮ ಗಾಡಿಗೆ ಗೊತ್ತು ಮಾಡಿದ ಹೊತ್ತು: ಬೆಳಗ್ಗೆ ಒಂದು, ಮಧ್ಯಾಹ್ನದ ಮೇಲೆ ಒಂದು. ಒಂದು ಸ್ಲಾಟಿಗೆ ಇಷ್ಟೇ ಗಾಡಿ ಎಂಬ ಮಿತಿ ಇದೆ. ಜಿಲ್ಲಾಡಳಿತದ ಜಾಲತಾಣದಲ್ಲಿ ಗಾಡಿ ನಂಬರ್ ಕೊಟ್ಟು ನೋಂದಾಯಿಸಿ, ಬೆಳಗಿನದನ್ನೇ ಹಿಡಿಯಿರಿ. ರಶೀದಿಯ ಸ್ಕ್ರೀನ್‌ಶಾಟ್ ಫೋನಿನಲ್ಲಿರಲಿ, ಬೆಟ್ಟದ ಬುಡದಲ್ಲಿ ನಿಂತು ಮೇಲ್ ಹುಡುಕಲು ಹೋದರೆ ನೆಟ್‌ವರ್ಕ್ ಕೈಕೊಡಬಹುದು. ಶುಲ್ಕ, ನಿಯಮ ಆಗಾಗ ಬದಲಾಗುತ್ತವೆ, ಹೊರಡುವ ವಾರ ಇನ್ನೊಮ್ಮೆ ನೋಡಿಕೊಳ್ಳಿ. ಬೇರೆಯವರ ಗಾಡಿ ತರುವ ಹಾಗಾದರೆ ನಂಬರ್ ಬದಲಾಗುತ್ತದೆ ಎಂಬುದು ನೆನಪಿರಲಿ.

ಎರಡನೆಯದು ಚಾರಣದವರಿಗೆ ಮಾತ್ರ. ಸರ್ಪದಾರಿಯಿಂದ ಮುಳ್ಳಯ್ಯನಗಿರಿ ಹತ್ತುವುದು, ಎತ್ತಿನಭುಜ, ಬಲ್ಲಾಳರಾಯನ ದುರ್ಗ ಇವಕ್ಕೆಲ್ಲ ಅರಣ್ಯ ಇಲಾಖೆಯ 'ಅರಣ್ಯ ವಿಹಾರ' ಜಾಲತಾಣದಲ್ಲಿ ಮುಂಚೆಯೇ ಟಿಕೆಟ್ ಮಾಡಬೇಕು. ದಿನಕ್ಕೆ ಇಷ್ಟು ಜನ ಎಂದು ಮಿತಿ ಇದೆ. "ಹೋಗಿ ನೋಡೋಣ, ಕೊಡ್ತಾರೆ" ಎಂದು ಹೋಗಬೇಡಿ.

5. ಹೋಗುವ ದಾರಿ

ಬೆಂಗಳೂರಿನಿಂದ ಸುಮಾರು 245 ಕಿಲೋಮೀಟರ್: ನೆಲಮಂಗಲ, ಕುಣಿಗಲ್, ಹಾಸನ, ಬೇಲೂರು. ಹಾಸನದವರೆಗೆ ಹೆದ್ದಾರಿ ಚೆನ್ನಾಗಿದೆ. ಐದು ಗಂಟೆ ಎಂದು ಹಿಡಿಯಿರಿ, ತಿಂಡಿ ಸೇರಿ ಆರು. ಕೆಎಸ್ಸಾರ್ಟಿಸಿ ಬಸ್ಸುಗಳು ಮೆಜೆಸ್ಟಿಕ್ಕಿನಿಂದ ಹಗಲೂ ರಾತ್ರಿಯೂ ಇವೆ. ರಾತ್ರಿ ಬಸ್ಸಿನ ತೊಂದರೆ ಏನೆಂದರೆ ಬೆಳಗಿನ ಜಾವ ನಾಲ್ಕಕ್ಕೋ ಐದಕ್ಕೋ ಇಳಿಸಿಬಿಡುತ್ತದೆ, ರೂಮಿನ ಚೆಕ್‌ಇನ್ ಮಧ್ಯಾಹ್ನ ಹನ್ನೆರಡಕ್ಕೆ. ಬೇಗ ಬಂದರೆ ಮುಖ ತೊಳೆಯಲು ಜಾಗ ಕೊಡುತ್ತೀರಾ ಎಂದು ಮೊದಲೇ ಕೇಳಿಟ್ಟುಕೊಳ್ಳಿ.

ರೈಲಿನವರು ಕಡೂರಿನಲ್ಲಿ ಇಳಿಯುವುದು ವಾಸಿ. ಬೆಂಗಳೂರು–ಹುಬ್ಬಳ್ಳಿ ಮಾರ್ಗದ ಬಹಳ ರೈಲುಗಳು ಅಲ್ಲಿ ನಿಲ್ಲುತ್ತವೆ, ಅಲ್ಲಿಂದ ಊರಿಗೆ 40 ಕಿಲೋಮೀಟರ್ ಬಸ್ಸು. ಚಿಕ್ಕಮಗಳೂರಿಗೂ 2013ರಿಂದ ರೈಲು ಹಳಿ ಇದೆ, ಆದರೆ ಗಾಡಿಗಳು ಕಡಿಮೆ.

ಮಂಗಳೂರು ಕಡೆಯಿಂದ ಬರುವವರಿಗೆ ಚಾರ್ಮಾಡಿ ಘಾಟಿ. ಮಳೆಗಾಲದಲ್ಲಿ ಘಾಟಿ ತೆರೆದಿದೆಯಾ ಎಂದು ವಿಚಾರಿಸದೆ ಹೊರಡಬೇಡಿ. ಕೊಟ್ಟಿಗೆಹಾರದಲ್ಲಿ ನೀರ್‌ದೋಸೆಗೆ ನಿಲ್ಲುವುದು ಆ ದಾರಿಯ ಪದ್ಧತಿ.

ಬಸ್ಸಿನಲ್ಲಿ ಬಂದವರಿಗೆ ಬೆಟ್ಟ ಹತ್ತಲು ಮೂರು ದಾರಿ. ಗಿರಿಗೆ ಬಸ್ಸು ಬಹಳ ಕಡಿಮೆ, ಅದನ್ನು ನಂಬಿದರೆ ದಿನ ಹೋಗುತ್ತದೆ. ಜೀಪು ಅಥವಾ ಟ್ಯಾಕ್ಸಿಯನ್ನು ಅರ್ಧ ದಿನಕ್ಕೆ ಗೊತ್ತು ಮಾಡುವುದು ನಾಲ್ಕೈದು ಜನರಿಗೆ ಸರಿಹೋಗುತ್ತದೆ. ಯಾವ ಯಾವ ಜಾಗ, ಎಷ್ಟು ಹೊತ್ತು ಕಾಯುತ್ತಾರೆ ಎಂಬುದನ್ನು ಹತ್ತುವ ಮೊದಲೇ ಮಾತಾಡಿ. ಮೂರನೆಯದು ಬಾಡಿಗೆ ಬೈಕು. ನಂಬರ್ ಪ್ಲೇಟ್ ಕಪ್ಪು, ಅಕ್ಷರ ಹಳದಿ ಇದ್ದರೆ ಮಾತ್ರ ಅದು ಕಾನೂನು ಪ್ರಕಾರ ಬಾಡಿಗೆಗೆ ಕೊಡುವ ಗಾಡಿ. 'ವೈಟ್ ಬೋರ್ಡ್', ಅಂದರೆ ಬಿಳಿ ಪ್ಲೇಟಿನ ಸ್ವಂತ ಬಳಕೆಯ ಬೈಕನ್ನು ಕಡಿಮೆಗೆ ಕೊಡುತ್ತೇವೆ ಎಂದರೆ ಬೇಡ. ಪೊಲೀಸರು ಹಿಡಿದರೂ ಬಿದ್ದರೂ ವಿಮೆಯವರ ಮುಂದೆ ನಿಲ್ಲುವವರು ನೀವೇ.

6. ಮೊದಲ ದಿನ: ಬೆಟ್ಟ

ಪೆಟ್ರೋಲ್ ಊರಿನಲ್ಲೇ ಹಾಕಿಸಿ, ಮೇಲೆ ಬಂಕ್ ಇಲ್ಲ. ನೋಟು ಇಟ್ಟುಕೊಳ್ಳಿ. ನೆಟ್‌ವರ್ಕ್ ಇಲ್ಲದ ಕಡೆ ಫೋನ್‌ಪೇ ಕೆಲಸ ಮಾಡುವುದಿಲ್ಲ, ಜೀಪಿನವರಿಗೂ ಬಜ್ಜಿಯವರಿಗೂ ನಗದೇ ಬೇಕಾಗುತ್ತದೆ.

ಬೆಳಗ್ಗೆ ಆರರ ಹೊತ್ತಿಗೆ ಕೈಮರದ ತಪಾಸಣಾ ಕೇಂದ್ರದಲ್ಲಿರಿ. ಆರರ ಮೊದಲು ಬಿಡುವುದಿಲ್ಲ, ಹಾಗಾಗಿ ತುದಿಯಲ್ಲಿ ನಿಂತು ಸೂರ್ಯೋದಯ ನೋಡುವ ಆಸೆ ಹೆಚ್ಚು ಬೇಡ. ಚಳಿಗಾಲದಲ್ಲಿ ಸೂರ್ಯ ತಡವಾಗಿ ಏಳುವುದರಿಂದ ದಾರಿಯಲ್ಲೆಲ್ಲೋ ಸಿಕ್ಕರೆ ಸಿಗುತ್ತದೆ. ಪ್ಲಾಸ್ಟಿಕ್, ಮದ್ಯ ಇದೆಯಾ ಎಂದು ಗಾಡಿ ನೋಡುತ್ತಾರೆ. ನೀರಿಗೆ ಸ್ಟೀಲ್ ಬಾಟಲಿ ತಂದಿದ್ದರೆ ಅಲ್ಲಿ ಮಾತು ಬೆಳೆಯುವುದಿಲ್ಲ. ಟಿಟಿ, ಅಂದರೆ ಟೆಂಪೋ ಟ್ರಾವೆಲರ್ ಮತ್ತು ಬಸ್ಸಿನಲ್ಲಿ ಬಂದ ದೊಡ್ಡ ಗುಂಪುಗಳು ಇಲ್ಲಿಂದ ಮೇಲೆ ಜೀಪು ಮಾಡಿಕೊಳ್ಳಬೇಕಾಗುತ್ತದೆ. ಅದರ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

ಮೊದಲು ಮುಳ್ಳಯ್ಯನಗಿರಿಗೇ ಹೋಗಿ, ಉಳಿದದ್ದೆಲ್ಲ ಆಮೇಲೆ. ಸುಮಾರು 1,930 ಮೀಟರ್ ಎತ್ತರ, ಕರ್ನಾಟಕದಲ್ಲಿ ಇದಕ್ಕಿಂತ ಎತ್ತರದ ಶಿಖರ ಇಲ್ಲ. ಸೀತಾಳಯ್ಯನಗಿರಿ ದಾಟಿದ ಮೇಲೆ ರಸ್ತೆ ಕಿರಿದಾಗುತ್ತದೆ, ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಏನೂ ಇಲ್ಲ. ಎದುರಿನಿಂದ ಗಾಡಿ ಬಂದರೆ ಒಬ್ಬರು ರಿವರ್ಸ್ ಹೋಗಲೇಬೇಕು. ಹತ್ತುತ್ತಿರುವ ಗಾಡಿಗೆ ದಾರಿ ಬಿಡುವುದು ಘಾಟಿಯ ನಿಯಮ. ಅಲ್ಲಿ ರಿವರ್ಸ್ ತೆಗೆಯುವ ಧೈರ್ಯ ಇಲ್ಲದವರು ಸೀತಾಳಯ್ಯನಗಿರಿಯಲ್ಲಿ ಗಾಡಿ ನಿಲ್ಲಿಸಿ ನಡೆಯಿರಿ, ಇಲ್ಲವೇ ಜೀಪು ಹಿಡಿಯಿರಿ. ಜನ ಹೆಚ್ಚಾದ ದಿನ ಹೇಗೂ ಅಲ್ಲೇ ನಿಲ್ಲಿಸುತ್ತಾರೆ.

ಗಾಡಿ ನಿಲ್ಲುವ ಜಾಗದಿಂದ ತುದಿಗೆ ಮೆಟ್ಟಿಲು. ನಾಲ್ಕು ನೂರಕ್ಕೂ ಮೀರಿ ಇವೆ, ಒಂದೇ ಅಳತೆಯವಲ್ಲ. ಮೊಣಕಾಲು ನೋವಿರುವವರು ಅರ್ಧಕ್ಕೆ ಕೂತರೂ ನಷ್ಟವಿಲ್ಲ, ನೋಟ ಅಲ್ಲಿಂದಲೇ ಶುರುವಾಗುತ್ತದೆ. ಮೇಲೆ ಮುಳ್ಳಪ್ಪ ಸ್ವಾಮಿಯ ಗದ್ದುಗೆ ಇರುವ ಸಣ್ಣ ದೇವಸ್ಥಾನ. ಬಿಸಿಲು ಏರುವ ಮೊದಲು ಅಲ್ಲಿದ್ದರೆ ಕೆಳಗಿನ ಕಣಿವೆಗಳಲ್ಲಿ ಮೋಡ ತುಂಬಿಕೊಂಡಿರುವುದು, ಬೆಟ್ಟದ ಏಣುಗಳು ಮಾತ್ರ ಮೇಲೆ ಎದ್ದಿರುವುದು ಕಾಣುತ್ತದೆ. ಏಣೆಲ್ಲ ಹುಲ್ಲು, ಸಂದಿಗಳಲ್ಲಿ ಮಾತ್ರ ದಟ್ಟ ಕಾಡಿನ ತುಂಡುಗಳು. ಅದನ್ನು ಶೋಲಾ ಕಾಡು ಎನ್ನುತ್ತಾರೆ, ಹೊಳೆಗಳಿಗೆ ನೀರು ಹಿಡಿದಿಡುವುದು ಇದೇ. 2022ರಲ್ಲಿ ಈ ಇಳಿಜಾರುಗಳಲ್ಲಿ ನೀಲಕುರಿಂಜಿ ಅರಳಿತ್ತು. ರೀಲ್ಸ್‌ಗಾಗಿ ರಸ್ತೆ ಬಿಟ್ಟು ಹುಲ್ಲಿನ ಮೇಲೆ ಗಾಡಿ ಹತ್ತಿಸುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಟೈರಿನ ಆ ಗೆರೆಯಲ್ಲಿ ಮುಂದಿನ ಮಳೆಗೆ ಮಣ್ಣು ಕೊಚ್ಚಿ ಹೋಗುತ್ತದೆ.

ಒಂಬತ್ತೂವರೆಯೊಳಗೆ ಇಳಿಯಲು ಶುರು ಮಾಡಿ. ಹತ್ತರ ಮೇಲೆ ಹತ್ತುವವರ ಸಾಲು ದೊಡ್ಡದಾಗುತ್ತದೆ. ಇಳಿಯುವಾಗ ಎರಡನೇ ಗೇರಿನಲ್ಲೋ ಮೊದಲನೇ ಗೇರಿನಲ್ಲೋ ಇಳಿಯಿರಿ. ನ್ಯೂಟ್ರಲ್‌ಗೆ ಹಾಕಿ ಬ್ರೇಕ್ ಒತ್ತಿಕೊಂಡೇ ಬಂದರೆ ಬ್ರೇಕ್ ಕಾದು ಹಿಡಿಯುವುದನ್ನೇ ಬಿಡುತ್ತದೆ. ಸುಟ್ಟ ವಾಸನೆ ಬಂದರೆ ಅಗಲದ ಜಾಗ ನೋಡಿ ನಿಲ್ಲಿಸಿ, ತಣ್ಣಗಾಗಲು ಬಿಡಿ.

ಮುಂದೆ ಬಾಬಾಬುಡನ್‌ಗಿರಿ. ದಾರಿಯಲ್ಲಿ ಅತ್ತಿಗುಂಡಿಯಲ್ಲಿ ಟೀ, ಬಜ್ಜಿ ಸಿಗುತ್ತದೆ. ಹೊನ್ನಮ್ಮನ ಹಳ್ಳದ ನೀರು ರಸ್ತೆ ಪಕ್ಕಕ್ಕೇ ಬೀಳುತ್ತದೆ. ಯೆಮನ್ನಿನ ಮೋಕಾದಿಂದ ಏಳು ಕಾಫಿ ಬೀಜ ತಂದು ಬಾಬಾ ಬುಡನ್ ಈ ಬೆಟ್ಟದಲ್ಲಿ ನೆಟ್ಟರು ಎಂಬುದು ಹದಿನೇಳನೇ ಶತಮಾನದ್ದೆಂದು ಹೇಳುವ ಪ್ರತೀತಿ. ಗುಹೆಯ ಪೀಠಕ್ಕೆ ಹಿಂದೂಗಳೂ ಮುಸ್ಲಿಮರೂ ನಡೆದುಕೊಳ್ಳುತ್ತಾರೆ. ಅಲ್ಲಿ ಫೋಟೋ ತೆಗೆಯಲು ಹೋಗಬೇಡಿ, ಪೊಲೀಸರು ಹೇಳಿದಂತೆ ಕೇಳಿ. ಮಾಣಿಕ್ಯಧಾರದಲ್ಲಿ ಮಿಂದು ಹಳೇ ಬಟ್ಟೆ ಬಿಟ್ಟು ಬರುವ ರೂಢಿಯಿಂದ ಅಲ್ಲಿ ಬಟ್ಟೆಯ ರಾಶಿಯೇ ಬೀಳುತ್ತದೆ. ನೀವು ಹಾಕಿದ್ದನ್ನು ಹಾಕಿಕೊಂಡೇ ಬನ್ನಿ. ಝರಿ ಫಾಲ್ಸ್‌ಗೆ ಮತ್ತೆ ಜೀಪು ಬೇಕು. ಮಳೆ ಮುಗಿದ ಹೊಸದರಲ್ಲಿ ನೀರು ಚೆನ್ನಾಗಿರುತ್ತದೆ, ಫೆಬ್ರವರಿ ಆದಮೇಲೆ ಆ ದುಡ್ಡು ಉಳಿಸಿ.

ಮಧ್ಯಾಹ್ನ ಎರಡರ ಹೊತ್ತಿಗೆ ಊರಿಗೆ ಇಳಿದು ಊಟ, ಸ್ವಲ್ಪ ನಿದ್ದೆ. ಸಂಜೆ ನಾಲ್ಕೂವರೆಗೆ ಹಿರೇಕೊಳಲೆ ಕೆರೆ, ಹತ್ತು ಕಿಲೋಮೀಟರ್. ಕೆರೆಯ ಹಿಂದೆ ಬೆಳಗ್ಗೆ ಹತ್ತಿದ ಬೆಟ್ಟದ ಸಾಲೇ ನಿಂತಿರುತ್ತದೆ. ಅದು ಊರಿಗೆ ಕುಡಿಯುವ ನೀರು ಕೊಡುವ ಕೆರೆ, ಇಳಿಯುವುದು, ಕಾಲು ತೊಳೆಯುವುದು ಬೇಡ.

7. ಸಂಜೆ ಊರಿನಲ್ಲಿ: ಕಾಫಿಪುಡಿ

ಎಂ.ಜಿ. ರಸ್ತೆಯ ಸುತ್ತಮುತ್ತ ಕಾಫಿ ವರ್ಕ್ಸ್‌ಗಳಿವೆ, ಬೀಜ ಹುರಿದು ಪುಡಿ ಮಾಡಿ ಕೊಡುವ ಅಂಗಡಿಗಳು. ಪ್ಯಾಕೆಟ್ ಎತ್ತಿಕೊಂಡು ಬರಬೇಡಿ, ಕೇಳಿ ಪುಡಿ ಮಾಡಿಸಿ. ಅಂಗಡಿಯವರು ಮೊದಲು ಕೇಳುವುದು "ಚಿಕೋರಿ ಎಷ್ಟು ಹಾಕ್ಲಿ?" ಎಂದು. ಚಿಕೋರಿ ಒಂದು ಗಿಡದ ಬೇರು, ಹುರಿದು ಪುಡಿ ಮಾಡಿ ಬೆರೆಸಿದರೆ ಡಿಕಾಕ್ಷನ್ ಗಟ್ಟಿಯಾಗಿ ಕಪ್ಪಗೆ ಇಳಿಯುತ್ತದೆ. ಎಂಬತ್ತು ಇಪ್ಪತ್ತು ಎಂದರೆ ನೂರಕ್ಕೆ ಇಪ್ಪತ್ತು ಚಿಕೋರಿ. ಬೇಡದಿದ್ದರೆ "ಪ್ಯೂರ್ ಕೊಡಿ" ಅನ್ನಿ. ಪೀಬೆರಿ ಎಂದರೆ ಹಣ್ಣಿನೊಳಗೆ ಎರಡರ ಬದಲು ಒಂದೇ ದುಂಡಗಿನ ಬೀಜ ಬೆಳೆದದ್ದು, ಬೆಲೆ ಸ್ವಲ್ಪ ಹೆಚ್ಚು. ಮನೆಯಲ್ಲಿ ಫಿಲ್ಟರಿಗೋ ಪಾತ್ರೆಗೋ ಎಂದೂ ಹೇಳಿ, ಪುಡಿಯ ನುಣುಪು ಅದರ ಮೇಲೆ. ಯಂತ್ರದಿಂದ ಬಿದ್ದ ಪುಡಿ ಬಿಸಿಯಾಗಿರುತ್ತದೆ, ಪೊಟ್ಟಣ ಬೆಚ್ಚಗೆ ಕೈಗೆ ಬರುತ್ತದೆ. ರೂಮಿಗೆ ಹೋಗಿ ಬಾಯಿ ಬಿಚ್ಚಿ ಆರಲು ಬಿಡಿ, ಆಮೇಲೆ ಬಿಗಿಯಾಗಿ ಕಟ್ಟಿ. ಒಂದು ತಿಂಗಳಿಗೆ ಆಗುವಷ್ಟೇ ಕೊಳ್ಳಿ, ಐದು ಕೆಜಿ ಹೊತ್ತು ತಂದರೆ ಕೊನೆಯ ಮೂರು ಕೆಜಿಯಲ್ಲಿ ಘಮ ಇರುವುದಿಲ್ಲ.

ಕಾಫಿ ಮಂಡಳಿಯ 'ಕಾಫಿ ಯಾತ್ರೆ' ಮ್ಯೂಸಿಯಂ ನೋಡುವಂಥದ್ದು, ವಾರಾಂತ್ಯದವರು ತೆರೆದಿರುತ್ತದಾ ಎಂದು ವಿಚಾರಿಸಿ ಹೋಗಿ. ಊರಿಗೇ ಅಂಟಿಕೊಂಡ ಹಿರೇಮಗಳೂರಿನ ಕೋದಂಡರಾಮ ದೇವಸ್ಥಾನದಲ್ಲಿ ಪೂಜೆಯ ಮಂತ್ರಗಳು ಕನ್ನಡದಲ್ಲಿ. ಸೀತೆ ರಾಮನ ಬಲಕ್ಕೆ ನಿಂತಿರುವುದನ್ನು ಗಮನಿಸಿ, ಬೇರೆ ಕಡೆ ಹೀಗಿರುವುದು ಅಪರೂಪ.

8. ಎರಡನೇ ದಿನ: ಬೆಳವಾಡಿ, ಹಳೇಬೀಡು, ಬೇಲೂರು

ರೂಮ್ ಖಾಲಿ ಮಾಡಿ ಲಗೇಜ್ ಗಾಡಿಗೆ ಹಾಕಿಕೊಂಡೇ ಹೊರಡಿ, ಇದು ವಾಪಸ್ ದಾರಿಯೂ ಹೌದು. ಮೊದಲು ಬೆಳವಾಡಿ. ವೀರನಾರಾಯಣ, ವೇಣುಗೋಪಾಲ, ಯೋಗನರಸಿಂಹ ಎಂದು ಮೂರು ಗರ್ಭಗುಡಿ. ಕಂಬಗಳ ದೊಡ್ಡ ಮಂಟಪದಲ್ಲಿ ಬೆಳಗ್ಗೆ ಎಂಟಕ್ಕೆ ಹೋದರೆ ಬಹುಶಃ ನೀವೇ ಇರುತ್ತೀರಿ. ಬೇಲೂರು, ಹಳೇಬೀಡು ನೋಡಿ ಇದನ್ನು ಬಿಡುವವರೇ ಹೆಚ್ಚು. ಕಡೆದಿಟ್ಟಂಥ ಆ ಕಂಬಗಳ ಹೊಳಪನ್ನು ಮುಟ್ಟಿ ನೋಡದೆ ಬರಬೇಡಿ.

ಆಮೇಲೆ ಹಳೇಬೀಡು. ಹೊಯ್ಸಳೇಶ್ವರನ ಹೊರಗೋಡೆ ಸುತ್ತಲು ಒಂದು ಗಂಟೆ ಬೇಕು, ಗೈಡ್ ಇದ್ದರೆ ಒಳ್ಳೆಯದು, ದರ ಮೊದಲೇ ಮಾತಾಡಿ. ಅಲ್ಲೇ ಹತ್ತಿರದ ಬಸದಿಹಳ್ಳಿಯ ಪಾರ್ಶ್ವನಾಥ ಬಸದಿಯಲ್ಲಿ ಕಂಬಗಳು ಎಷ್ಟು ನಯವೆಂದರೆ ಮುಖ ಕಾಣುತ್ತದೆ.

ಕೊನೆಗೆ ಬೇಲೂರು. ವಿಷ್ಣುವರ್ಧನನ ಕಾಲದಲ್ಲಿ 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ. ಪೂಜೆ ನಡೆಯುವ ದೇವಸ್ಥಾನವಾದ್ದರಿಂದ ಮಧ್ಯಾಹ್ನ ಗರ್ಭಗುಡಿ ಬಾಗಿಲು ಹಾಕುತ್ತಾರೆ, ಮೂರರ ಮೇಲೆ ತಲುಪುವ ಹಾಗೆ ಬನ್ನಿ. ಬಿಸಿಲಿಗೆ ಅಂಗಳದ ಕಲ್ಲು ಕಾದಿರುತ್ತದೆ, ಚಪ್ಪಲಿ ಹೊರಗೆ ಬಿಡಬೇಕು. ಒಂದು ಜೊತೆ ದಪ್ಪ ಕಾಲುಚೀಲ ಕೈಯಲ್ಲಿದ್ದರೆ ಬಚಾವ್. ಮದನಿಕೆಯರ ವಿಗ್ರಹಗಳು ಸೂರಿನ ಕೆಳಗೆ ಎತ್ತರದಲ್ಲಿವೆ, ಬೈನಾಕ್ಯುಲರ್ ಇದ್ದರೆ ತನ್ನಿ. ಈ ಎರಡು ಊರಿನ ದೇವಸ್ಥಾನಗಳೂ ಸೋಮನಾಥಪುರವೂ 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಮೇಲೆ ಜನ ಹೆಚ್ಚಿದ್ದಾರೆ. ಬಸ್ಸಿನವರು ಬೆಳವಾಡಿ ಬಿಟ್ಟು ನೇರ ಬೇಲೂರಿಗೆ ಬನ್ನಿ, ಅಲ್ಲಿಂದ ಹಳೇಬೀಡಿಗೆ ಬಸ್ಸು ಆಗಾಗ ಇದೆ.

9. ಚೀಲದಲ್ಲಿ

ಸ್ವೆಟರ್, ಹಿಡಿತವಿರುವ ಶೂ, ಟಾರ್ಚ್, ವಾಂತಿಯ ಮಾತ್ರೆ. ಮಳೆಗಾಲದಲ್ಲಿ ಇಂಬಳ, ಅಂದರೆ ಜಿಗಣೆ, ಕಾಲಿಗೆ ಹತ್ತುತ್ತದೆ. ಕಿತ್ತು ಎಳೆಯಬೇಡಿ, ಉಪ್ಪು ಹಾಕಿದರೆ ತಾನೇ ಬಿಡುತ್ತದೆ. ರಕ್ತ ಸ್ವಲ್ಪ ಹೊತ್ತು ಸೋರುತ್ತದೆ, ಗಾಬರಿ ಬೇಡ. ಆಫ್‌ಲೈನ್ ನಕ್ಷೆಯನ್ನು ಮನೆಯಲ್ಲೇ ಇಳಿಸಿಕೊಳ್ಳಿ.

10. ವಾಪಸ್

ಬೇಲೂರನ್ನು ಸಂಜೆ ನಾಲ್ಕೂವರೆಗೆ ಬಿಟ್ಟರೆ ಹಾಸನ ಐದೂವರೆಗೆ. ಭಾನುವಾರ ಹಾಸನ, ಸಕಲೇಶಪುರ, ಧರ್ಮಸ್ಥಳದ ಗಾಡಿಗಳೆಲ್ಲ ಒಂದೇ ಹೆದ್ದಾರಿಗೆ ಸೇರುವುದರಿಂದ ನೆಲಮಂಗಲದಲ್ಲಿ ರಾತ್ರಿ ಎಂಟರಿಂದ ಹತ್ತರವರೆಗೆ ತೆವಳಬೇಕಾಗುತ್ತದೆ. ಕುಣಿಗಲ್ ದಾಟುವ ಮೊದಲೇ ಊಟ ಮುಗಿಸಿ ಅರ್ಧ ಗಂಟೆ ಕೂತು ಹೊರಡಿ. ಬಸ್ಸಿನವರು ಭಾನುವಾರ ಸಂಜೆಯ ವಾಪಸ್ ಟಿಕೆಟನ್ನು ಹೋಗುವ ಟಿಕೆಟ್ ಜೊತೆಯಲ್ಲೇ ಮಾಡಿಸಿಬಿಡಿ, ಹಾಸನ ಬಸ್ ಸ್ಟ್ಯಾಂಡಿನಲ್ಲಿ ಆ ಹೊತ್ತಿಗೆ ಸೀಟು ಸಿಗುವುದು ಕಷ್ಟ.